ತಾರಸಿಯ ಮೇಲಿನ ಎಂಟು

ಅಪ್ಪಾ,

ಕೈಗೆ ಮೆತ್ತಿದ ಸೀಮೆಸುಣ್ಣ ಕೂಡ ತೊಳೆದಿಲ್ಲ, ಸ್ಟಾಫ್ ರೂಮಿನಲ್ಲಿ ಕೂತು ಬರೀತಿದ್ದೀನಿ.

ಪ್ರತಿ ಭಾನುವಾರ ಸರಿಯಾಗಿ ಹನ್ನೆರಡಕ್ಕೆ, ತಾರಸಿಯ ಪೇಂಟ್ ಡಬ್ಬಿಯಲ್ಲಿ ನಿಲ್ಲಿಸಿದ ಕೋಲಿನ ನೆರಳಿನ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡ್ತಿದ್ದೆಯಲ್ಲ. "ಗಡಿಯಾರಕ್ಕೂ ಸೂರ್ಯನಿಗೂ ಆಗಿಬರಲ್ಲ ಕಣೇ, ಕ್ಲಾಸಲ್ಲಿ ತೋರಿಸು" ಅಂತಿದ್ದೆ. ವಾಚ್ ರಿಪೇರಿಯವನ ಹುಚ್ಚು ಅಂದುಕೊಂಡು ನಾನು ನಿನ್ನನ್ನು ಮ್ಯೂಟ್ ಮಾಡಿದೆ. ನೀನು ಕಳಿಸುತ್ತಲೇ ಇದ್ದೆ.

ಈ ವಾರ ಸೂರ್ಯನ ಪಾಠ ಬಂತು. ನಿನ್ನ ನಲವತ್ತೊಂಬತ್ತು ಫೋಟೋಗಳನ್ನೂ ಮೊದಲ ಸಲ ತೆರೆದು, ನಿನ್ನೆ ಕ್ಲಾಸಿನ ಗ್ರೂಪಿಗೆ ಹಾಕಿದೆ. ಒಬ್ಬೊಬ್ಬರಿಗೆ ಒಂದೊಂದು ಫೋಟೋ. ನೆಲದ ಟೈಲ್ಸ್ ಎಣಿಸಿ, ನೆರಳಿನ ತುದಿ ಎಲ್ಲಿದೆ ಅಂತ ಗ್ರೂಪಲ್ಲೇ ಬರೀಬೇಕು. ಸದಾ ತಮಾಷೆ ವಿಡಿಯೋ ತುಂಬುವ ಗ್ರೂಪಿನಲ್ಲಿ ರಾತ್ರಿಯಿಡೀ ಬರೀ ಅಳತೆ, ವಾದ, "ನಿನ್ನದು ತಪ್ಪು, ಮತ್ತೆ ಎಣಿಸು".

ಇವತ್ತು ಬೋರ್ಡಿನ ಮೇಲೆ ಚುಕ್ಕಿ ಇಡುತ್ತಾ ಹೋದೆ. ನೆಟ್ಟಗೆ ಒಂದು ಗೆರೆ ಬರುತ್ತೆ ಅಂತ ಜಂಬದಿಂದ ಹೇಳಿದ್ದೆ. ಬಂದದ್ದು ಉದ್ದನೆಯ ಇಂಗ್ಲಿಷ್ ಎಂಟು, ಅಪ್ಪಾ. ಇಡೀ ಕ್ಲಾಸು ಎದ್ದು ನಿಂತಿತು. ಟೀಚರ್ ತಪ್ಪಿದ್ದಕ್ಕೆ ಅವರಿಗೆ ಡಬಲ್ ಖುಷಿ.

ಎಂಟು ಮಾತ್ರ ಪೂರ್ತಿ ಕೂಡಿಲ್ಲ. ವರ್ಷ ತುಂಬಲು ಬೇಕಿದ್ದ ಕೊನೆಯ ಮೂರು ವಾರದ ಜಾಗ ಖಾಲಿ. "ಇಷ್ಟು ಶ್ರದ್ಧೆಯಿಂದ ಕಳಿಸಿದ್ದಾರೆ, ಉಳಿದ ಮೂರನ್ನೂ ಕೇಳಿ ಮಿಸ್, ಕೊಡ್ತಾರೆ" ಅಂದಳು ಕೊನೇ ಬೆಂಚಿನ ಹುಡುಗಿ.

ಕೇಳ್ತೀನಿ ಅಂದೆ.

ನೀನು ಹೋದ ಮೇಲೂ ಡಬ್ಬಿಯನ್ನು ಅಮ್ಮ ಇನ್ನೂ ಕದಲಿಸಿಲ್ಲ. ಭಾನುವಾರ ಹನ್ನೆರಡಕ್ಕೆ ನಾನೇ ತಾರಸಿ ಹತ್ತುತ್ತೀನಿ. ಫೋಟೋ ಮೊದಲು ನಿನಗೇ ಕಳಿಸ್ತೀನಿ.