ಸೀಳಿನ ಮೇಲಿನ ನಕ್ಷತ್ರ

ವೀಕ್ಷಣಾಲಯದ ಕಂಟ್ರೋಲ್ ರೂಮು
ಹತ್ತೊಂಬತ್ತನೇ ತಾರೀಖು, ಗುರುವಾರ ಮಧ್ಯಾಹ್ನ

ನನ್ನ ಹಟಮಾರಿ ಅಕ್ಕಾ,

ಹೇಗಿದ್ದೀಯ? ಊಟ ಸೇರುತ್ತಿದೆಯೇ? ಬೆನ್ನುನೋವು ಕೂತರೆ ಜಾಸ್ತಿಯೋ, ಮಲಗಿದರೆ ಜಾಸ್ತಿಯೋ? ಭಾವನನ್ನು ಫೋನಿನಲ್ಲಿ ಕೇಳಿದರೆ ‘ಪರವಾಗಿಲ್ಲ ಕಣಯ್ಯಾ, ಹಾಗೇ ಇದಾಳೆ’ ಅನ್ನುತ್ತಾರೆ. ಅವರ ‘ಹಾಗೇ’ ಅಂದರೆ ಏನೆಂದು ಮದುವೆಯಾಗಿ ಇಪ್ಪತ್ತು ವರ್ಷವಾದರೂ ನಿನಗೇ ಗೊತ್ತಾಗಿಲ್ಲ, ಇನ್ನು ನನಗೆಲ್ಲಿ ಗೊತ್ತಾಗಬೇಕು! ಡಾಕ್ಟರಂತೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾರಂತೆ. ಐದು ತಿಂಗಳ ಹಿಂದೆ ‘ಈ ವಾರವೇ ಆಪರೇಷನ್ ಮಾಡಿಬಿಡೋಣ, ತಡ ಮಾಡೋದು ಬೇಡ’ ಎಂದು ಗಂಟು ಬಿದ್ದಿದ್ದ ಮನುಷ್ಯ ಈಗ ‘ನೋಡೋಣ’ ಅನ್ನುತ್ತಾರಂತೆ. ಆ ‘ನೋಡೋಣ’ ನನಗೆ ಒಳ್ಳೆಯದಾಗಿ ಕೇಳಿಸಲಿಲ್ಲ. ಹೇಳಿದವರ ಮಾತು ಯಾವತ್ತು ಕೇಳಿದ್ದೀಯ ನೀನು? ಮೊದಲು ನಕ್ಷತ್ರ, ಆಮೇಲೆ ಆಪರೇಷನ್ ಎಂದು ಕೂತೆ. ಬೈಯಬೇಕೆಂದೇ ಪೆನ್ನು ಹಿಡಿದೆ, ಬೈಯಲೂ ಆಗುತ್ತಿಲ್ಲ.

ಫೋನಿನಲ್ಲಿ ಹೇಳಲು ಬಾಯಿ ಬಾರದ್ದಕ್ಕೆ ಕಾಗದ. ಅಕ್ಷರ ನೋಡಿದರೆ ನಿನ್ನ ಕಣ್ಣು ಉರಿಯುತ್ತದಂತೆ, ಹಾಗಾಗಿ ಇದನ್ನು ಭಾವನೇ ಓದಿ ಹೇಳುತ್ತಾರೆ ಎಂದುಕೊಂಡಿದ್ದೇನೆ. ಅವರಿಗೂ ತಿಳಿಯುವ ಹಾಗೆ ಬಿಡಿಸಿ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳಿದೆನೆಂದು ಮೂಗು ಮುರಿಯಬೇಡ.

ನಕ್ಷತ್ರದ ಬೆಳಕು ಬಿಡಿಸುವ ನಮ್ಮ ಹಳೇ ಯಂತ್ರ, ಸ್ಪೆಕ್ಟ್ರೋಗ್ರಾಫ್ ಮುದುಕಿ, ಇನ್ನೂ ಉಸಿರಾಡುತ್ತಿದ್ದಾಳೆ. ದಿನಾ ಮಧ್ಯಾಹ್ನ ಕೈಗವಸು ಹಾಕಿಕೊಂಡು ಕ್ಯಾಮೆರಾ ತಣ್ಣಗಿರಲೆಂದು ಅವಳಿಗೆ ದ್ರವ ನೈಟ್ರೋಜನ್ ಕುಡಿಸಬೇಕು. ಅರ್ಧ ಕುಡಿದು ಅರ್ಧ ಉಗುಳುತ್ತಾಳೆ, ನೆಲವೆಲ್ಲ ಬಿಳಿ ಹೊಗೆ. ಆಮೇಲೆ ಹೋಲಿಕೆ ದೀಪ ಹಚ್ಚಿ, ಅದರ ಗೆರೆಗಳು ತಮ್ಮ ತಮ್ಮ ಜಾಗದಲ್ಲಿವೆಯೇ ಎಂದು ನೋಡಬೇಕು. ಅದೇ ನಮ್ಮ ಅಳತೆಗೋಲು. ಭಾವಾ, ಕೆಲಸ ಇಷ್ಟೇ: ದೂರದರ್ಶಕದ ತುದಿಯಲ್ಲಿ ಕೂದಲು ತೂರುವಷ್ಟು ಸಣ್ಣ ಸೀಳು ಇದೆ. ಬೇಕಾದ ನಕ್ಷತ್ರವನ್ನು ತಂದು ಅದರ ಮೇಲೆ ಕೂರಿಸಿದರೆ, ಬೆಳಕು ಒಳಗೆ ಹೋಗಿ ಬಣ್ಣ ಬಣ್ಣದ ಪಟ್ಟಿಯಾಗಿ ಹರಡುತ್ತದೆ. ಪಟ್ಟಿಯಲ್ಲಿ ಕಪ್ಪು ಗೆರೆಗಳಿರುತ್ತವೆ. ನಕ್ಷತ್ರವನ್ನು ಇನ್ನೊಂದು ಯಾವುದೋ ಎಳೆದಾಡುತ್ತಿದ್ದರೆ ಆ ಗೆರೆಗಳು ಅತ್ತಿತ್ತ ಜರುಗುತ್ತವೆ. ಕೂರಿಸುವವನು ನಾನು, ಗೆರೆ ಓದುವವಳು ಅಕ್ಕ. ಹನ್ನೊಂದು ವರ್ಷದ ಹಿಂದೆ ಅವಳ ನಕ್ಷತ್ರದ ಗೆರೆಗಳು ಮೂರು ದಿನ ಜರುಗಿ, ನಾಲ್ಕನೆಯ ದಿನ ವಾಪಸು ಬಂದವು. ಅದಕ್ಕೂ ಹನ್ನೊಂದು ವರ್ಷ ಹಿಂದಿನ ಗೆರೆಗಳ ಫೋಟೋ ಹಿಡಿದಿಟ್ಟ ಒಂದು ಮಸುಕು ಗಾಜಿನ ಫಲಕದಲ್ಲೂ ಅಂಥದೇ ಜರುಗಾಟ ಇದ್ದ ಹಾಗೆ ಅವಳಿಗೆ ಕಂಡಿತು. ಕಣ್ಣಿಗೆ ಕಾಣದ ಜೋಡಿ ನಕ್ಷತ್ರವೊಂದು ಹನ್ನೊಂದು ವರ್ಷಕ್ಕೊಮ್ಮೆ ಅದರ ಹತ್ತಿರ ಬಂದು ಸರಕ್ಕನೆ ಹಾದುಹೋಗುತ್ತದೆ, ಅದು ಮತ್ತೆ ಬರುವುದು ಈ ತಿಂಗಳು ಎಂದು ಲೆಕ್ಕ ಹಾಕಿಟ್ಟಳು.

ಅಕ್ಕಾ, ಆ ಲೆಕ್ಕಕ್ಕಾಗಿ ನೀನು ಏನೇನು ಬಿಟ್ಟೆ ಎಂದು ಬರೆಯಲು ಕೂತರೆ ಹಾಳೆ ಸಾಲದು. ದೊಡ್ಡ ವಿಶ್ವವಿದ್ಯಾಲಯದ ಕೆಲಸ ಬಂದಾಗ ಈ ದೂರದರ್ಶಕ ಬಿಟ್ಟು ಬರುವುದಿಲ್ಲ ಎಂದೆ. ಸಭೆಗಳಲ್ಲಿ ‘ಜೋಡಿ ಮೇಡಂ, ಎಲ್ಲಿ ನಿಮ್ಮ ಜೋಡಿ?’ ಎಂದು ಕಿಸಕ್ಕೆಂದವರಿಗೆ ‘ಬರುತ್ತೆ, ಅವಸರ ಏನು’ ಅನ್ನುತ್ತಿದ್ದೆ. ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದ ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ.

ಈಗ ಸುದ್ದಿ. ದೂರದರ್ಶಕವನ್ನು ನಮಗೆ ಐದು ರಾತ್ರಿ ಕೊಟ್ಟಿದ್ದರು. ಎರಡು ರಾತ್ರಿ ಮೋಡ ಮುಸುಕು ಹೊದ್ದು ಮಲಗಿತ್ತು. ಮೂರು ರಾತ್ರಿ ಆಕಾಶ ತೊಳೆದಿಟ್ಟ ಹಾಗಿತ್ತು. ನೆಪ ಹೇಳುವುದಕ್ಕೂ ಒಂದು ಚೂರು ಮೋಡ ಬಿಡಲಿಲ್ಲ. ನಿನ್ನ ನಕ್ಷತ್ರದ ಪಕ್ಕದಲ್ಲೇ ಅದೇ ಬಣ್ಣದ, ಅದೇ ಹೊಳಪಿನ ಇನ್ನೊಂದು ಇದೆಯಲ್ಲ, ಅದರ ಜೊತೆ ಕಲಸಿಹೋಗದ ಹಾಗೆ ಕಣ್ಣಲ್ಲಿ ಕಣ್ಣಿಟ್ಟು ಕೂರಿಸಿದೆ. ಪ್ರತಿ ಸಲವೂ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ದೀಪ ಹಚ್ಚಿ ಅಳೆದೆ. ಗೆರೆಗಳು ಜರುಗಲಿಲ್ಲ ಅಕ್ಕಾ. ಕೂದಲೆಳೆಯಷ್ಟೂ ಜರುಗಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರೆ, ನನಗೆ ಇಲಿಯ ಬಾಲವೂ ಸಿಗಲಿಲ್ಲ. ಇನ್ನೂ ನಾಲ್ಕು ದಿನ ನೋಡಿದರೆ ಸಿಕ್ಕೀತೇನೋ ಎಂದು ನೀನು ಕೇಳುತ್ತೀಯ. ಸಿಗುವುದಿಲ್ಲ. ಜೋಡಿ ಇಲ್ಲ. ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ.

ಹಾಗಾಗಿ ಕಾಯಬೇಡ. ಡಾಕ್ಟರ ಕಾಲು ಹಿಡಿದಾದರೂ ಸರಿ, ಆಪರೇಷನ್ ಆಗುತ್ತದೆಯೇ ಇಬ್ಬರೂ ಕೇಳಿ. ಇನ್ನೂ ಹೊತ್ತಿದೆ ಎಂದು ಬರೆದು ಹೊಡೆದುಹಾಕಿದೆ. ಹೊತ್ತಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಈ ಭಾನುವಾರ ರಜೆ ಕೇಳಿದ್ದೇನೆ. ಬಂದರೆ ನನ್ನ ಮುಖ ನೋಡುತ್ತೀಯೋ ಇಲ್ಲವೋ, ಅದೂ ಗೊತ್ತಿಲ್ಲ.

ಭಾವನಿಗೆ ನಮಸ್ಕಾರ. ಬೆನ್ನಿಗೆ ದಿಂಬು ಸರಿಯಾಗಿ ಇಡಿಸಿಕೋ. ನಿನ್ನ ಮೇಲೆ ಅಕ್ಕರೆ ಇರುವ ದೇವರು ಯಾವನಾದರೂ ಇದ್ದರೆ ಅವನು ಈಗಲಾದರೂ ಎಚ್ಚರವಾಗಲಿ.

ಇಂತಿ,
ನಿನ್ನ ಬಾಲಂಗೋಚಿ

ತಾ.ಕ.: ಟಪಾಲು ಚೀಲ ಕಟ್ಟುತ್ತಿದ್ದಾರೆ, ಬೇಗ ಬರೆಯುತ್ತೇನೆ. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಬೆಳಗಿನಿಂದ ಬರೆಯಬೇಕೆಂದು ಕೂತದ್ದೇ ಇದನ್ನು. ಹನ್ನೊಂದು ವರ್ಷದ ಹಿಂದೆ, ನೀನು ನನಗೆ ಈ ಕೆಲಸ ಕೊಡಿಸಿದ ತಿಂಗಳು, ಆ ಮೂರು ದಿನ ನಾನು ಸೀಳಿನ ಮೇಲೆ ಕೂರಿಸಿದ್ದು ನಿನ್ನ ನಕ್ಷತ್ರವನ್ನಲ್ಲ, ಪಕ್ಕದ್ದನ್ನು. ನಕ್ಷತ್ರ ಕೂರಿಸುವಾಗ ನೋಡಿಕೊಳ್ಳುವ ಕ್ಯಾಮೆರಾದೊಳಗಿನ ಪುಟ್ಟ ಕನ್ನಡಿಯನ್ನು ರಿಪೇರಿಗೆ ತೆಗೆದಿದ್ದರು, ಪರದೆಯಲ್ಲಿ ಎಡ ಬಲ ಅದಲುಬದಲಾಗಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ಮೆಕ್ಯಾನಿಕ್ ಹೇಳಿದ ಮೇಲೆ ಗೊತ್ತಾಯಿತು. ಅವತ್ತಿನಿಂದ ಸರಿಯಾದದ್ದನ್ನೇ ಕೂರಿಸಿದೆ. ಗೆರೆಗಳು ವಾಪಸು ಬಂದದ್ದು ಅದಕ್ಕೇ. ಹೇಳಲೆಂದು ನಿನ್ನ ಕೋಣೆಗೆ ಬಂದಿದ್ದೆ. ನೀನು ‘ಸಿಕ್ತು ಕಣೋ, ಸಿಕ್ತು!’ ಎಂದು ನನ್ನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸಿದೆ. ಹೊಸ ಕೆಲಸ, ಹೋಗಿಬಿಡುತ್ತದೆಂಬ ಭಯ. ನಾಳೆ ಹೇಳೋಣ ಎಂದುಕೊಂಡೆ. ಆಮೇಲೆ ನಿನಗೆ ಆ ಗಾಜಿನ ಫಲಕ ಸಿಕ್ಕಿತು, ಜೋಡಿ ನಿಜವೇ ಇರಬಹುದೆಂದು ನಾನೂ ನಂಬಿಕೊಂಡೆ. ನಂಬುವುದು ಅನುಕೂಲವಾಗಿತ್ತು. ನಿನ್ನೆ ರಾತ್ರಿ ಅರ್ಧ ಗಂಟೆ ಉಳಿದಾಗ ಪಕ್ಕದ ನಕ್ಷತ್ರವನ್ನು ಕೂರಿಸಿ ನೋಡಿದೆ. ನಿನ್ನ ಆ ಮೂರು ದಿನದ ಗೆರೆಗಳಿಗೂ ಅದರ ಗೆರೆಗಳಿಗೂ ಒಂದಿಷ್ಟೂ ವ್ಯತ್ಯಾಸವಿಲ್ಲ. ಐದು ತಿಂಗಳ ಹಿಂದೆ ನೀನು ಫೋನ್ ಮಾಡಿ ‘ನಕ್ಷತ್ರ ನೋಡ್ಕೊಂಡೇ ಆಪರೇಷನ್ನಿಗೆ ಹೋಗ್ತೀನಿ ಕಣೋ’ ಎಂದೆಯಲ್ಲ, ಆಗ ನಾಲಿಗೆಯ ತುದಿಗೆ ಬಂದಿತ್ತು. ‘ಆಯ್ತಕ್ಕಾ’ ಎಂದೆ. ಭಾವಾ, ನಿಮ್ಮ ಕಾಲಿಗೆ ಬೀಳುತ್ತೇನೆ, ಅಕ್ಕನಿಗೆ ಓದುವಾಗ ಇದನ್ನು ಬಿಟ್ಟು ಓದಬೇಡಿ.