ಪ್ರಯಾಣದಲ್ಲಿರುವವರಿಗಾಗಿ

ಚಾಮರಾಜಪೇಟೆ,
ನವೆಂಬರ್ ೧೯೭೫

ಪ್ರೀತಿಯ ಅಪ್ಪನವರಿಗೆ, ಇದನ್ನು ಮೊದಲು ಓದುವ ಜೈಲಿನ ಅಧಿಕಾರಿಗಳಿಗೂ, ವಂದನೆಗಳು.

ತುರ್ತುಪರಿಸ್ಥಿತಿಯಲ್ಲಿ ಸೆರೆಯಾದವರ ಹೆಸರು ಹಿಡಿದು ಪ್ರಾರ್ಥಿಸಿದ್ದಕ್ಕೆ ನಿಮ್ಮನ್ನು ಕರೆದೊಯ್ದ ಮೇಲೆ, ಚರ್ಚಿನಲ್ಲಿ ನಿಮ್ಮ ಬದಲು ಹಿರಿಯರಾದ ದೇವಪುತ್ರಯ್ಯನವರೇ ಪ್ರಾರ್ಥನೆ ನಡೆಸುತ್ತಾರೆ. ಈ ಭಾನುವಾರ ರೋಗಿಗಳನ್ನು ನೆನೆದರು, ಆಮೇಲೆ ಪ್ರಯಾಣದಲ್ಲಿರುವವರನ್ನು. ಅವರ ನಡುವೆ ನಿಮ್ಮ ಹೆಸರು ಬಂತು. ಎಲ್ಲರೂ ಆಮೆನ್ ಎಂದರು.

ಕಾಲೇಜಿನಲ್ಲಿ ಹಾಜರಿ ಹೇಳುವುದಕ್ಕೂ ತೊದಲುತ್ತಿದ್ದ ನಾನು ಎದ್ದು ನಿಂತೆ.

"ಅಪ್ಪ ಊರಿಗೆ ಹೋಗಿಲ್ಲ, ಜೈಲಲ್ಲಿದಾರೆ."

"ಕೂತ್ಕೊಳ್ಳಮ್ಮ, ದೇವರಿಗೆ ಗೊತ್ತಾಗುತ್ತೆ," ಎಂದರು ದೇವಪುತ್ರಯ್ಯ.

ಪಕ್ಕದಲ್ಲಿದ್ದ ಅಮ್ಮ ತಲೆ ಎತ್ತದೆ, "ಗೊತ್ತಿರೋನ ಮುಂದೆ ಸುಳ್ಳು ಯಾಕಣ್ಣ?" ಎಂದರು.

ಕ್ಷಮಾಪಣೆ ಬರೆದುಕೊಟ್ಟರೆ ನಿಮ್ಮನ್ನು ಬಿಡುತ್ತಾರಂತೆ. ಸಹಿ ಹಾಕಿ ಬಂದುಬಿಡಿ ಎಂದು ಬರೆಯಲು ಅಮ್ಮ ಶನಿವಾರ ಹೇಳಿದ್ದರು. ಇವತ್ತು ಕೇಳಿದರೆ, "ಅದನ್ನ ಬರೀಬೇಡ," ಎಂದು ಉಲ್ಲನ್ ತೆಗೆದು ಕೂತರು. ನಿಮಗೆ ಸ್ವೆಟರ್ ಹೆಣೆಯುತ್ತಿದ್ದಾರೆ. ಅರ್ಧ ತೋಳು ಸಾಲದೇ ಎಂದೆ. ಸಾಲದಂತೆ, ಚಳಿಗಾಲ ಮುಗಿಯುವವರೆಗೂ ಬೇಕಾಗುತ್ತದಂತೆ.

ನೀವು ಸೊರಗಿದ್ದರೆ ದಯವಿಟ್ಟು ತಿಳಿಸಿ. ಅಮ್ಮ ಹಳೆಯ ಅಳತೆಯಲ್ಲೇ ಹೆಣೆಯುತ್ತಿದ್ದಾರೆ.

ನಿಮ್ಮ ಮಗಳು,
ಸಲೋಮಿ