ಕುಡಿಸಿದವರೇ ಕೇಳಿದ ಪ್ರಶ್ನೆ

ಮಾಜಿ ಸೈನಿಕರನ್ನು ಮರಳಿ ಪಡೆಗೆ ಸೇರಿಸಿಕೊಳ್ಳುವ ಆಯ್ಕೆ ಮಂಡಳಿಯ ಅಧ್ಯಕ್ಷರಿಗೆ,
ಚನ್ನಗಿರಿಯಿಂದ, ನವೆಂಬರ್ ೧೯೮೩

ಮಾನ್ಯರೇ,

ಹೋದ ತಿಂಗಳು ನಿಮ್ಮ ಮಂಡಳಿ ಜಂಪಣ್ಣ ಎಂಬ ಮಾಜಿ ಸಿಪಾಯಿಯನ್ನು, ನಿಜ ಹೇಳಿದ ಕಾರಣಕ್ಕೆ, ಅನರ್ಹನೆಂದು ಮನೆಗೆ ಕಳಿಸಿತು. ಕಾಗದದಲ್ಲಿ ನೀವು ಹಾಗೆ ಬರೆದಿಲ್ಲ, ಒಪ್ಪುತ್ತೇನೆ. ‘ಹಿಂದೆ ಮದ್ಯವ್ಯಸನಿ’ ಎಂದು ಬರೆದಿದ್ದೀರಿ. ಆದರೆ ಆ ಸಂಗತಿ ನಿಮಗೆ ತಿಳಿದದ್ದು ರಕ್ತ ಪರೀಕ್ಷೆಯಿಂದಲ್ಲ, ಯಾರ ದೂರಿನಿಂದಲೂ ಅಲ್ಲ, ಆತನ ಬಾಯಿಂದಲೇ. ಆತ ಬಾಯಿ ಮುಚ್ಚಿಕೊಂಡಿದ್ದರೆ ಇವತ್ತು ಯಾವುದೋ ಮದ್ದುಗುಂಡಿನ ಉಗ್ರಾಣದ ಬಾಗಿಲಲ್ಲಿ ಬಂದೂಕು ಹಿಡಿದು ನಿಂತಿರುತ್ತಿದ್ದ, ನೀವೂ ನೆಮ್ಮದಿಯಾಗಿ ಮಲಗಿರುತ್ತಿದ್ದಿರಿ.

ಜಂಪಣ್ಣ ಜಗಳೂರು ಕಡೆಯವನು. ಸೈನ್ಯದಲ್ಲಿ ಹದಿನೈದು ವರ್ಷ ದುಡಿದವನು. ಊರು ಬಿಟ್ಟು ಹೊರಟಾಗ ನೀರು ಬಿಟ್ಟರೆ ಆತ ಕುಡಿದು ಬಲ್ಲದ್ದು ಮಜ್ಜಿಗೆ. ಹಿಮದ ನಡುವಿನ ಠಾಣ್ಯದಲ್ಲಿ ಸಂಜೆಯಾದರೆ ಸಾಲಾಗಿ ನಿಲ್ಲಿಸಿ, ಮಗ್ಗಿಗೆ ರಮ್ಮು ಸುರಿದು, ಮೈ ಬೆಚ್ಚಗಿಟ್ಟುಕೋ ಎಂದವರು ಯಾರು? ಅದನ್ನು ನಾನು ತಪ್ಪೆನ್ನುವುದಿಲ್ಲ, ಆ ಚಳಿಯನ್ನು ನಾನು ಕಂಡವನಲ್ಲ. ಆದರೆ ಸುರಿದವರೇ ಮುಂದೊಂದು ದಿನ ಮೇಜಿನಾಚೆ ಕೂತು, ‘ಏನಪ್ಪಾ, ನಿನಗೆ ಯಾವತ್ತಾದರೂ ಕುಡಿತದ ಚಟವಿತ್ತೇ?’ ಎಂದು ಹುಬ್ಬೇರಿಸುವುದಕ್ಕೆ ಬೇರೆಯದೇ ಎದೆಗಾರಿಕೆ ಬೇಕು. ಅದಕ್ಕೂ ನಿಮ್ಮಲ್ಲಿ ಪದಕವೇನಾದರೂ ಉಂಟೇ?

ಅವಧಿ ಮುಗಿದಾಗ ಮುಂದುವರಿಸದೆ ಆತನನ್ನು ಮನೆಗೆ ಕಳಿಸಿದರು. ಪಿಂಚಣಿ ಬಂತು, ಜೊತೆಗೆ ಚಟವೂ ಬಂತು. ಊರಲ್ಲಿ ರಮ್ಮಿನ ಜಾಗಕ್ಕೆ ಸರ್ಕಾರವೇ ಹರಾಜು ಹಾಕಿದ ಸಾರಾಯಿ. ಒಂದು ದಿನ ಹೆಂಡತಿ ಸುಂಕಲಮ್ಮ ಆತನನ್ನು ಊರಮ್ಮನ ಕಟ್ಟೆಗೆ ಕರೆದೊಯ್ದಳು. ಅಲ್ಲಿ ಆಣೆ ಹಾಕಿಸುವವರು ದುರುಗಕ್ಕ ಎಂಬ ಹಿರಿಯಾಕೆ. ಜಂಪಣ್ಣ ಇನ್ನು ಮೇಲೆ ಕುಡಿಯುವುದಿಲ್ಲವೆಂದು ಕೈ ಮುಂದೆ ಮಾಡಿದರೆ ಆಕೆ ತಡೆದರಂತೆ.

‘ಅಂಥ ಆಣೆ ಈ ಕಟ್ಟೆ ಮ್ಯಾಲೆ ಭಾಳ ಬಿದ್ದಾವೆ, ತಗೀ. ಯಾರು ಕೇಳಿದ್ರೂ ಕುಡಿದಿದ್ದು ಮುಚ್ಚಿಡಾಕಿಲ್ಲ ಅಂತ ಇಡು. ಹಗಲು ಹೊತ್ನಾಗೆ ಹೇಳಾಕೆ ನಾಚಿಕೆ ಆಗೋದನ್ನ ಎಷ್ಟು ದಿನ ಕುಡೀತಿ, ನೋಡಾನ.’

ಅಲ್ಲಿಂದಾಚೆಗೆ ಜಂಪಣ್ಣ ಕುಡಿದಿಲ್ಲ. ಆದರೆ ಹೇಳುವುದನ್ನು ಮಾತ್ರ ಬಿಟ್ಟಿಲ್ಲ. ತಂಗಿಯ ಮಗಳನ್ನು ನೋಡಲು ನ್ಯಾಮತಿಯಿಂದ ಗಂಡಿನ ಕಡೆಯವರು ಬಂದಿದ್ದರು. ಮನೆತನದಲ್ಲಿ ಕುಡಿಯುವವರು ಯಾರಾದರೂ ಇದ್ದಾರೆಯೇ ಎಂದು ಅವರು ಲೋಕಾಭಿರಾಮವಾಗಿ ಕೇಳಿದರೆ, ಈತ ಮಂಡಕ್ಕಿ ತಟ್ಟೆ ಕೆಳಗಿಟ್ಟು ಎದ್ದು ನಿಂತು, ‘ನಾನು ಕುಡೀತಿದ್ದೆ, ಬಿಟ್ಟೀನಿ’ ಎಂದ. ತಂಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗಂಡಿನ ತಂದೆ ‘ಕೇಳಿದ್ರೆ ಹೇಳೋರು ಇರೋ ಮನೆ, ಆಗ್ಲಿ ಬಿಡ್ರಿ’ ಎಂದು ಎಲೆ ಅಡಿಕೆ ತೆಗೆದುಕೊಂಡರು. ನ್ಯಾಮತಿಯ ಒಬ್ಬ ಬೀಗರಿಗೆ ಹೊಳೆದದ್ದು ನಿಮ್ಮ ಇಡೀ ಮಂಡಳಿಗೆ ಹೊಳೆಯಲಿಲ್ಲವಲ್ಲ.

ನಡುವೆ ಮೂಗು ತೂರಿಸುವ ಇವನು ಯಾರು ಎನ್ನುತ್ತೀರಿ. ಬೇರೆಯವರ ಮಂಡಿಯಲ್ಲಿ ಚೀಲ ಹೊತ್ತು ಬೆಳೆದು ಈಗ ಚನ್ನಗಿರಿಯಲ್ಲಿ ಸ್ವಂತ ಅಡಿಕೆ ಮಂಡಿ ಇಟ್ಟವನು. ಕುಡಿತ ಬಿಟ್ಟಮೇಲೆ ಹೆಂಡತಿ ಸಮೇತ ಇಲ್ಲಿಗೆ ಬಂದ ಜಂಪಣ್ಣ ಈಗ ನನ್ನ ಗೋದಾಮಿನ ಕಾವಲುಗಾರ. ನಮ್ಮ ವ್ಯಾಪಾರದಲ್ಲಿ ಚೀಲದ ತಳಕ್ಕೆ ತೇವದ ಅಡಿಕೆ ಹಾಕಿ, ಮೇಲೆ ಒಣಗಿದ್ದನ್ನು ಹರಡಿ ತರುವವರಿದ್ದಾರೆ. ಅಂಥವರು ಬಂದರೆ ಪ್ರತಿ ಚೀಲವನ್ನೂ ಬುಡಮೇಲು ಮಾಡಿಸುತ್ತೇನೆ. ಇನ್ನು ಕೆಲವರು ಗಾಡಿಯಿಂದ ಇಳಿಯುತ್ತಲೇ, ‘ಸಾವ್ಕಾರ್ರೆ, ಇದೊಂದು ತೇವ ಐತೆ, ಮೊದ್ಲು ಇದನ್ನ ನೋಡ್ರಿ’ ಎನ್ನುತ್ತಾರೆ. ಅವರ ಉಳಿದ ಚೀಲಗಳಿಗೆ ನಾನು ಕೈ ಹಾಕುವುದೇ ಇಲ್ಲ, ನೇರ ತಕ್ಕಡಿಗೆ. ನಿಮ್ಮ ಮಂಡಳಿ ಏನು ಮಾಡಿತು? ತೇವದ ಚೀಲ ತೋರಿಸಿದವನನ್ನು ಗಾಡಿ ಸಮೇತ ಹೊರಗಟ್ಟಿ, ಮೇಲೆ ಒಣ ಅಡಿಕೆ ಹರಡಿದವನಿಗೆ ಹಾರ ಹಾಕಿತು. ಹೀಗೆ ವ್ಯಾಪಾರ ಮಾಡಿದ್ದರೆ ನಾನು ಇವತ್ತಿಗೂ ಚೀಲವನ್ನೇ ಹೊರುತ್ತಿರುತ್ತಿದ್ದೆ.

ನಿಮ್ಮ ಡಾಕ್ಟರು ಒಳ್ಳೆಯವರು, ಅವರನ್ನು ದೂರುವುದಿಲ್ಲ. ಎದೆ, ಕಣ್ಣು, ಕಾಲು ಎಲ್ಲ ನೋಡಿ ಸರಿಯಿದೆ ಎಂದಮೇಲೆ ಆ ಪ್ರಶ್ನೆ ಕೇಳಿದರು. ಜಂಪಣ್ಣ ‘ಇತ್ತು ಸಾರ್’ ಎಂದ. ಅವರು ಪೆನ್ನು ಕೆಳಗಿಟ್ಟರು.

‘ನೋಡಪ್ಪ, ಹೊರಗೆ ಹೋಗಿ ನೀರು ಕುಡಿದು, ಯೋಚನೆ ಮಾಡಿ ಬಾ. ಮತ್ತೆ ಕೇಳ್ತೀನಿ.’

ಜಂಪಣ್ಣ ಹೋದ, ನೀರು ಕುಡಿದ, ಬಂದು ಕವಾಯತಿನಲ್ಲಿ ನಿಲ್ಲುವಂತೆ ಕಾಲು ಜೋಡಿಸಿ ನೆಟ್ಟಗೆ ನಿಂತ.

‘ಈಗ ಹೇಳು. ಯಾವತ್ತಾದರೂ ಚಟ ಇತ್ತಾ?’

‘ಇತ್ತು ಸಾರ್. ನೀರು ಕುಡಿದ್ರೆ ಹಳೇದು ಹೋಗಾಕಿಲ್ಲ.’

ಡಾಕ್ಟರು ಬರೆದರು, ನೀವು ಕೆಳಗೆ ರುಜು ಹಾಕಿದಿರಿ. ಬಿಟ್ಟು ಎಷ್ಟು ವರ್ಷವಾಯಿತು, ಹೇಗೆ ಬಿಟ್ಟೆ, ಈಗ ಹೇಗಿದ್ದೀಯೆ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಅದನ್ನೂ ಹೇಳುತ್ತಿದ್ದ. ಕೇಳದೆ ಹೇಳುವುದು ಅವನ ಆಣೆಯಲ್ಲಿಲ್ಲ.

‘ಒಂದು ಇಲ್ಲ ಅಂದಿದ್ರೆ ಏನು ಹೋಗ್ತಿತ್ತಪ್ಪಾ?’ ಎಂದು ಮಂಡಿಗೆ ಬಂದವರೆಲ್ಲ ಆತನನ್ನು ಕಿಚಾಯಿಸಿದರು. ಉತ್ತರ ಕೊಟ್ಟವಳು ಬುತ್ತಿ ತಂದಿದ್ದ ಸುಂಕಲಮ್ಮ. ‘ಇಲ್ಲ ಅಂದಿದ್ರೆ ನೌಕರಿ ಬರ್ತಿತ್ತು ಕಣಣ್ಣ. ಆಣೆ ಮುರೀತಿತ್ತು. ಆಣೆ ಮುರಿದ ಮ್ಯಾಲೆ ಬಾಟ್ಲಿ ಬರಾಕೆ ಎಷ್ಟೊತ್ತು? ಮನೆಯಾಗೆ ಇರೋಳು ನಾನು.’ ಮಾನ್ಯರೇ, ನಿಮ್ಮ ಡಾಕ್ಟರು ಕರುಣೆಯಿಂದ ಕೊಡಹೊರಟದ್ದು ಏನನ್ನು ಎಂಬುದು ಆಗ ನನಗೆ ತಿಳಿಯಿತು.

ಜಂಪಣ್ಣನಿಗೆ ನೌಕರಿ ಬೇಕಾದದ್ದು ಹೊಟ್ಟೆಗಲ್ಲ. ‘ಹೋದ ಸಲ ಅವಧಿ ಮುಗೀತು ಅಂತ ಅವ್ರೇ ಕಳಿಸಿದ್ರು ಸಾವ್ಕಾರ್ರೆ. ಈ ಸಲ ನಾನೇ ನೆಟ್ಟಗೆ ನಿಂತು, ಸಲ್ಯೂಟ್ ಹೊಡ್ದು ಪಡೆ ಬಿಟ್ಟು ಬರ್ಬೇಕು’ ಎನ್ನುತ್ತಾನೆ. ಬರುವ ಸಲದ ಭರ್ತಿಗೆ ಆತನ ವಯಸ್ಸು ಮೀರಿರುತ್ತದೆ. ಆದ್ದರಿಂದಲೇ ಈ ಆತುರದ ಪತ್ರ.

ಆವತ್ತು ಆಯ್ಕೆಯಾದವರಲ್ಲಿ ಹೊನ್ನಾಳಿ ಕಡೆಯ ಒಬ್ಬರಿದ್ದಾರೆ. ಹೆಸರು ಬೇಡ, ಸಂಸಾರಸ್ಥರು. ಡಾಕ್ಟರು ಕೇಳಿದಾಗ ಅವರು ತಮ್ಮ ಜನ್ಮದಲ್ಲಿ ಅದರ ವಾಸನೆ ಕಂಡಿಲ್ಲವೆಂದರಂತೆ. ಹೋದ ವಾರ ಅವರು ನನ್ನ ಮಂಡಿಗೇ ಬಂದು ಜಂಪಣ್ಣನ ಹೆಗಲ ಮೇಲೆ ಕೈ ಹಾಕಿದರು. ಇಲ್ಲೊಂದು ಮಾತು ಹೇಳಬೇಕು: ಕುಡುಕನಾಗಿದ್ದನೆಂದು ನೀವು ಹೊರಗಟ್ಟಿದ ಈ ಮನುಷ್ಯನಿಗೆ, ಮಾಜಿ ಸೈನಿಕನೆಂಬ ಗೌರವಕ್ಕೆ, ನಿಮ್ಮ ಸೈನ್ಯದ ಕ್ಯಾಂಟೀನಿನಿಂದ ಪ್ರತಿ ತಿಂಗಳೂ ರಮ್ಮಿನ ಬಾಟಲಿ ಇವತ್ತಿಗೂ ಮಂಜೂರಾಗಿದೆ. ಆತ ಸಾಬೂನು ಮಾತ್ರ ತರುತ್ತಾನೆ.

‘ದೋಸ್ತ್, ಹೆಂಗೂ ನೀನು ಮುಟ್ಟಂಗಿಲ್ಲ. ನಿನ್ನ ಪಾಲಿಂದು ನನಗೆ ತಂದುಕೊಡು. ಡ್ಯೂಟಿಗೆ ಹೊಂಟೀನಿ, ಹುಡುಗ್ರಿಗೆ ಪಾರ್ಟಿ ಕೊಡ್ಬೇಕು’ ಎಂದರು.

‘ತಂದುಕೊಡ್ತೀನಿ’ ಎಂದ ಜಂಪಣ್ಣ. ‘ಆದ್ರೆ ಯಾರಿಗೆ ಕೊಟ್ಟೆ ಅಂತ ಡಾಕ್ಟ್ರು ಕೇಳಿದ್ರೆ ಹೇಳಿಬಿಡ್ತೀನಿ, ನೋಡ್ರಿ.’

ಅವರು ಚಹಾ ಕೂಡ ಮುಗಿಸದೆ ಹೊನ್ನಾಳಿ ಬಸ್ಸು ಹತ್ತಿದರು.

ನನ್ನ ಬೇಡಿಕೆ ದೊಡ್ಡದಲ್ಲ. ಜಂಪಣ್ಣನನ್ನು ಈ ತಿಂಗಳೊಳಗೆ ಮತ್ತೊಮ್ಮೆ ಕರೆಸಿ. ಅದೇ ಪ್ರಶ್ನೆ ಕೇಳಿ, ಅದೇ ಉತ್ತರ ಬರುತ್ತದೆ. ಅದಾದ ಮೇಲೆ, ಹೋದ ಸಲ ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆ ಕೇಳಿ: ‘ಈಗ?’ ಆ ಉತ್ತರವನ್ನೂ ಕಾಗದದಲ್ಲಿ ಬರೆದು, ಆಮೇಲೆ ನಿಮ್ಮ ರುಜು ಹಾಕಿ. ಇದು ಆಗದ ಮಾತೆಂದರೆ ನಿಮ್ಮ ಗೇಟಿಗೆ ಒಂದು ಬೋರ್ಡಾದರೂ ಹಾಕಿಸಿ, ಒಳಗೆ ನಿಜ ಹೇಳಿದವರಿಗೆ ಮಂಡಳಿ ಜವಾಬ್ದಾರಿಯಲ್ಲ ಎಂದು. ಬಣ್ಣ ನಾನೇ ಕೊಡಿಸುತ್ತೇನೆ.

ನೀವು ಆತನನ್ನು ಕರೆದುಕೊಂಡರೆ ನಷ್ಟ ನನಗೇ. ಬೀಗದ ಕೈ ಕೊಟ್ಟು ನಿಶ್ಚಿಂತೆಯಿಂದ ಮನೆಗೆ ಹೋಗಬಹುದಾದ ಇನ್ನೊಬ್ಬ ಕಾವಲುಗಾರ ಈ ಸೀಮೆಯಲ್ಲಿ ನನಗೆ ಸಿಕ್ಕಿಲ್ಲ. ಆದರೂ ಕರೆದುಕೊಳ್ಳಿ. ಅವನ ಬದಲಿಗೆಂದು ಆ ಹೊನ್ನಾಳಿಯವರನ್ನು ಮಾತ್ರ ನನ್ನಲ್ಲಿಗೆ ಕಳಿಸಬೇಡಿ.

ಇಂತಿ,
ತನ್ನ ಕಾವಲುಗಾರನನ್ನು ಕಳೆದುಕೊಳ್ಳಲು ತಾನೇ ಅರ್ಜಿ ಹಾಕಿಕೊಂಡ,
ಬೆನಕಪ್ಪ
ಅಡಿಕೆ ಮಂಡಿ, ಚನ್ನಗಿರಿ